ಹ್ಯಾಂಡ್‌ಬ್ರೇಕು ಬಿಗಿ ಮಾಡಿದ ರವಿವಾರ

ನಮ್ಮ ಕಾರಿನ ಡಿಕ್ಕಿ ತೆರೆದರೆ ಸ್ಟೆಪ್ನಿ ಟೈರಿನ ಮಗ್ಗುಲಲ್ಲಿ ಒಂದು ಕೆಂಪು ಕಲ್ಲು ಮಲಗಿರುತ್ತದೆ. ಒಂದು ಬದಿ ಇಳಿಜಾರಾಗಿ ಸವೆದ, ಎತ್ತಲು ಎರಡೂ ಕೈ ಬೇಕಾಗುವ ಕಲ್ಲು. ನಾಲ್ಕು ವರ್ಷದ ಹಿಂದೆ ಈ ಹಳೆಯ ಕಾರನ್ನು ಕೊಂಡಾಗ ಅದರ ಮಾಲೀಕರು ಜಾಕು, ನಟ್ಟು ತಿರುಗಿಸುವ ಪಾನಾ, ಎರಡನೆಯ ಕೀಲಿಕೈ ಎಲ್ಲವನ್ನೂ ಒಂದೊಂದಾಗಿ ಒಪ್ಪಿಸಿ, ಕೊನೆಗೆ ಈ ಕಲ್ಲನ್ನೂ ತೋರಿಸಿ, "ಇದು ಗಾಡಿ ಜೋಡಿನೇ ಬರ್ತದರಿ, ಬಿಸಾಡಬ್ಯಾಡ್ರಿ, ಛಲೋ ಕಲ್ಲದ" ಎಂದಿದ್ದರು. ಅವರ ವಿನೋದಕ್ಕೆ ನಾನು ನಕ್ಕೆ. ಅವರು ನಗಲಿಲ್ಲ. ಅಲ್ಲೇ ನನಗೆ ತಿಳಿಯಬೇಕಿತ್ತು.

ನೀವು ನಮ್ಮ ಕಡೆಯವರಾಗಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಾದರೆ ಕೇಳಿ. ಬೀದರಿನಲ್ಲಿ ಒಂದು ಕಾರು ನಿಂತಿತೆಂದರೆ ಹಿಂದಿನ ಸೀಟಿನಲ್ಲಿ ಕೂತವರಲ್ಲಿ ಒಬ್ಬರು, ಯಾರೂ ಹೇಳದೆಯೇ, ಮೊದಲು ಇಳಿದು ನೆಲ ನೋಡುತ್ತ ನಾಲ್ಕು ಹೆಜ್ಜೆ ನಡೆಯುತ್ತಾರೆ. ಏನೋ ಬೀಳಿಸಿಕೊಂಡಿದ್ದಾರೆಂದು ತಿಳಿಯಬೇಡಿ. ಗಾಲಿಗೆ ಕೊಡಲು ಕಲ್ಲು ಹುಡುಕುತ್ತಿದ್ದಾರೆ. ಗಾಡಿಯನ್ನು ಗೇರಿನಲ್ಲಿ ಬಿಟ್ಟು, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಕಾಲಿನಿಂದ ಒಮ್ಮೆ ಒದ್ದು ನೋಡಿದ ಮೇಲೆಯೇ ನಮ್ಮಲ್ಲಿ ಮದುವೆಯ ಊಟಕ್ಕಾಗಲಿ ಆಸ್ಪತ್ರೆಗಾಗಲಿ ಒಳಗೆ ಹೋಗುವುದು. ಹೊರಡುವಾಗ ಕಾರು ಹೋಗುತ್ತದೆ, ಕಲ್ಲು ಉಳಿಯುತ್ತದೆ. ಮದುವೆ ಮುಗಿದು ಜನ ಚದುರಿದ ಮೇಲೆ ಮಂಟಪದ ಮುಂದಿನ ಬಯಲನ್ನು ನೋಡಿದರೆ, ಯಾರೋ ಮನೆ ಕಟ್ಟಲು ಶುರುಮಾಡಿ ಮನಸ್ಸು ಬದಲಿಸಿ ಹೋದಂತೆ ಕಾಣುತ್ತದೆ. ಇನ್ನು ಎರಡು ಸೀಟುಗಳ ನಡುವೆ ಇರುವ ಆ ಹ್ಯಾಂಡ್‌ಬ್ರೇಕಿನ ಲಿವರು? ಅದಕ್ಕೆ ಬಾಳೆಹಣ್ಣಿನ ಚೀಲ ತೂಗುಹಾಕುತ್ತಾರೆ.

ಇಡೀ ಊರಿನಲ್ಲಿ ಹ್ಯಾಂಡ್‌ಬ್ರೇಕನ್ನು ನಂಬಿದವನು ನಾನೊಬ್ಬನೇ. ಅದಕ್ಕೆ ಕಾರಣ ನನ್ನ ಉದ್ಯೋಗ. ನಾನು ಒಂದು ಕಾಲೇಜಿನ ಗ್ರಂಥಪಾಲಕ. ಅಚ್ಚಾದದ್ದೆಲ್ಲ ನಿಜವೆಂಬ ಭ್ರಮೆ ನನಗಿಲ್ಲ. ಆದರೆ ಕಾರಿನ ಜತೆ ಬಂದ ಪುಸ್ತಕದಲ್ಲಿ ಅಚ್ಚಾದದ್ದನ್ನು ನಂಬದೆ ಇನ್ನೇನನ್ನು ನಂಬುವುದು? 'ವಾಹನ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕನ್ನು ಪೂರ್ತಿ ಎಳೆಯಿರಿ' ಎಂದಿತ್ತು. ಎಳೆಯುತ್ತಿದ್ದೆ. ಗೇರಿನಲ್ಲಿ ಬಿಡುತ್ತಿರಲಿಲ್ಲ. ಗೇರಿನಲ್ಲಿ ಬಿಟ್ಟು, ಮರೆತು ಕೀಲಿ ತಿರುಗಿಸಿದರೆ ಗಾಡಿ ಮುಂದೆ ಜಿಗಿದು ಯಾರದಾದರೂ ಮೇಲೆ ಹೋದರೆ ಎಂಬ ಚಿಂತೆ. ನನ್ನ ಒಂದೊಂದು ಮುನ್ನೆಚ್ಚರಿಕೆಯೂ ಇನ್ನೊಂದು ಅಪಾಯವನ್ನು ಕೈಹಿಡಿದು ಕರೆತರುತ್ತದೆ. ಇದು ನನ್ನ ಜಾತಕದಲ್ಲೇ ಇರಬೇಕು.

ಜಾತಕ ಯಾಕೆ, ರಕ್ತದಲ್ಲೇ ಇದೆ. ನಮ್ಮ ಅಪ್ಪ ಭಾಲ್ಕಿಯ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರು. ದೀಪಾವಳಿಗೆ ನಾವೆಲ್ಲ ಔರಾದಿನ ಅತ್ತೆಯ ಮನೆಗೆ ಹೋಗಬೇಕು. ಅವ್ವ, ಅಕ್ಕ, ನಾನು ಟ್ರಂಕು ಹೊತ್ತು ಹೊರಗೆ ನಿಂತರೆ ಅಪ್ಪ ಬಾಗಿಲಿಗೆ ಕೀಲಿ ಹಾಕಿ ಮೂರು ಸಲ ಜಗ್ಗಿ ನೋಡುತ್ತಿದ್ದರು. ನಾಲ್ಕು ಮನೆ ದಾಟಿದ ಮೇಲೆ ನಿಲ್ಲುತ್ತಿದ್ದರು. ಮುಖ ನೋಡಿದರೆ ಸಾಕು, ಅವ್ವನಿಗೆ ಗೊತ್ತಾಗುತ್ತಿತ್ತು. "ಹಾಕೀರಿ" ಎನ್ನುವಳು. "ಹಾಕೀನಿ ಖರೆ, ಕೂತದೋ ಇಲ್ಲೋ" ಎಂದು ಅಪ್ಪ ತಿರುಗಿ ಓಡುವರು. ಹೀಗೆ ಎರಡು ದೀಪಾವಳಿ ಬಸ್ಸು ತಪ್ಪಿಸಿಕೊಂಡ ಮೇಲೆ ಅವ್ವ ಎದುರುಮನೆಯ ಮೆಹಬೂಬ್‌ಬಿಯನ್ನು ಒಪ್ಪಿಸಿದಳು. ಮೂರನೆಯ ವರ್ಷ ನಾವು ಓಣಿಯ ತುದಿ ಮುಟ್ಟುತ್ತಿದ್ದ ಹಾಗೆ ಮೆಹಬೂಬ್‌ಬಿ ಮಾಳಿಗೆ ಏರಿ, ಇಡೀ ಭಾಲ್ಕಿಗೆ ಕೇಳುವಂತೆ, "ಮಾಸ್ತರ್, ನಿಮ್ಮ ಕೀಲಿ ಬರೋಬ್ಬರಿ ಕೂತದರಿ! ನಾ ಜಗ್ಗಿ ನೋಡೀನಿ! ನೀವು ಹೋಗ್ರಿ!" ಎಂದು ಕೂಗಿದಳು. ಅಪ್ಪ ಅಂದು ಬಸ್ಸು ಹತ್ತಿದರು. ಸಂತಪುರ ದಾಟುವ ತನಕ ಜೇಬಿನ ಕೀಲಿಕೈ ಮುಟ್ಟಿ ನೋಡುತ್ತಲೇ ಇದ್ದರು. ಆಮೇಲೆ ಮೆಲ್ಲಗೆ, "ಮನ್ಯಾಗ ಯಾರೂ ಇಲ್ಲಂತ ಈಗ ಊರಿಗೇ ಗೊತ್ತಾಯ್ತಲ್ಲ" ಎಂದರು. ಅವ್ವ ಕಿಟಕಿಯ ಕಡೆ ತಿರುಗಿ ಕೂತಳು.

ಆ ಅಪ್ಪನ ಮಗ ನಾನು. ಈಗ ಬೀದರಿನ ಹಳೆಯ ಊರಿನ ಒಂದು ಇಳಿಜಾರು ಓಣಿಯಲ್ಲಿ ನನ್ನ ಮನೆ. ನನ್ನ ಮನೆಗಿಂತ ಹತ್ತು ಮಾರು ಕೆಳಗೆ ಗಫೂರ್ ಸಾಬರ ಮನೆ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಬೆಳಗ್ಗೆ, ಸಂಜೆ ತಮ್ಮ ಕಬ್ಬಿಣದ ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು, ಓಣಿಯಲ್ಲಿ ಹೋಗಿಬರುವವರ ಡ್ರೈವಿಂಗಿಗೆ ನಂಬರು ಕೊಡುವುದು ಅವರ ಕೆಲಸ.

ಮೂರು ವಾರದ ಹಿಂದಿನ ಒಂದು ಸಂಜೆ ನಾನು ಕಾರು ನಿಲ್ಲಿಸಿ, ಪುಸ್ತಕದಲ್ಲಿ ಹೇಳಿದಂತೆ ಹ್ಯಾಂಡ್‌ಬ್ರೇಕು ಪೂರ್ತಿ ಎಳೆದು, ಒಳಗೆ ಬಂದು ಚಪ್ಪಲಿ ಬಿಟ್ಟೆ. ಎರಡನೆಯ ಚಪ್ಪಲಿ ಇನ್ನೂ ಕಾಲಿನಲ್ಲೇ ಇತ್ತು. ಹೊರಗೆ ದಡಾರನೆ ಶಬ್ದ. ಓಡಿ ಬಂದು ನೋಡಿದರೆ ಮನೆಯ ಮುಂದೆ ಕಾರಿಲ್ಲ. ಅದು ತಾನೇ ಹಿಂದಕ್ಕೆ ಜಾರಿ, ಯಾರ ಸಹಾಯವೂ ಇಲ್ಲದೆ, ಗಫೂರ್ ಸಾಬರ ಗೇಟಿಗೆ ಬೆನ್ನು ಕೊಟ್ಟು ನಿಂತಿತ್ತು. ಗೇಟಿನ ಒಂದು ಕದ ಒಳಕ್ಕೆ ಬಾಗಿತ್ತು. ಆ ಕಡೆ ಸಾಬರು ಚಹಾದ ಬಸಿ ಕೈಯಲ್ಲಿ ಹಿಡಿದು ಕೂತಲ್ಲಿಯೇ ಕೂತಿದ್ದರು. ಚಹಾ ಚೆಲ್ಲಿರಲಿಲ್ಲ.

"ಬರ್ರಿ ಲೈಬ್ರರಿ ಸಾಬ್" ಎಂದರು. "ನೀವು ಹಿಂದಿಂದ ಬರ್ತೀರಂತ ಗೊತ್ತಿತ್ತು. ಗಾಡಿ ಮುಂಚಿ ಬಂದು ಸಲಾಂ ಮಾಡ್ತು."

ನಾನು ಒಂದೇ ಚಪ್ಪಲಿಯಲ್ಲಿ ನಿಂತಿದ್ದೆ. ಆ ಎರಡು ನಿಮಿಷದಲ್ಲಿ ಆ ಹತ್ತು ಮಾರಿನಲ್ಲಿ ಯಾರೆಲ್ಲ ನಡೆದು ಹೋಗಬಹುದಿತ್ತು ಎಂದು ಒಬ್ಬೊಬ್ಬರನ್ನೇ ನೆನೆದು, ಒಬ್ಬೊಬ್ಬರಿಗೂ ಗಾಯ ಮಾಡಿ, ಆಸ್ಪತ್ರೆಗೆ ಸೇರಿಸಿದ್ದೆ. "ಹ್ಯಾಂಡ್‌ಬ್ರೇಕ್ ಹಾಕಿದ್ದೆ ಸಾಬ್, ಖರೇನೇ ಹಾಕಿದ್ದೆ" ಎಂದೆ.

ಸಾಬರು ನನ್ನನ್ನು ಬಹಳ ಕನಿಕರದಿಂದ ನೋಡಿದರು. "ಕಲ್ಲು ಕೊಡಲಿಲ್ಲೇನು?"

ಇಷ್ಟೇ ಆಗಿದ್ದರೆ ಗೇಟು ಸರಿಮಾಡಿಸಿ, ಕಲ್ಲು ಕೊಡುವುದನ್ನು ಕಲಿತು, ನಾನೂ ಬೀದರಿನವನಾಗಿ ಇರುತ್ತಿದ್ದೆ. ಆದರೆ ನಡುವೆ ಸುವರ್ಣಾಳ ಮಾತು ಬಂತು.

ಸುವರ್ಣಾ ನನ್ನ ಹೆಂಡತಿ. ಪಶು ಆಸ್ಪತ್ರೆಯಲ್ಲಿ ನೌಕರಿ. ಎಮ್ಮೆಯ ಬಾಯಿಗೆ ಮೊಣಕೈ ತನಕ ಕೈ ಹಾಕಿ ಔಷಧಿ ಕುಡಿಸುವವಳು, ಒದೆಯುವ ಹೋರಿಗೆ ಮಾತಾಡಿಸುತ್ತಲೇ ಸೂಜಿ ಚುಚ್ಚುವವಳು. ಹಳ್ಳಿಯವರು ಅವಳನ್ನು 'ಡಾಕ್ಟರ್ ಬಾಯಿ' ಎನ್ನುತ್ತಾರೆ. ಈ ವರ್ಷ ಅವಳಿಗೆ ಔರಾದ ತಾಲ್ಲೂಕಿಗೆ ವರ್ಗವಾಯಿತು. ಬಸ್ಸಿನಲ್ಲಿ ಔರಾದ ಮುಟ್ಟಬಹುದು; ಆದರೆ ಅಲ್ಲಿಂದ ಒಳಗಿನ ಹಳ್ಳಿಗಳಿಗೆ ಲಸಿಕೆಯ ಪೆಟ್ಟಿಗೆ ಹೊತ್ತುಕೊಂಡು ಯಾರ ಬೈಕಿನ ಹಿಂದೆ ಎಂದು ಕೂಡುವುದು? "ಕಾರ್ ಕಲಿತೇನಿ" ಎಂದಳು. ಭಾಲ್ಕಿಯ ತವರಿನಲ್ಲಿ ಇದ್ದು, ಅಲ್ಲಿಯ ಒಂದು ಡ್ರೈವಿಂಗ್ ಶಾಲೆಯಲ್ಲಿ ಕಲಿತೇ ಬಿಟ್ಟಳು. ಲೈಸೆನ್ಸೂ ಬಂತು. ನಾನು ಆ ಶಾಲೆಯ ಕಾರನ್ನು ಒಮ್ಮೆ ನೋಡಲು ಹೋಗಿದ್ದೆ. ಹ್ಯಾಂಡ್‌ಬ್ರೇಕಿನ ಲಿವರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. "ಇದನ್ನ ಕಲಿಸಂಗಿಲ್ಲೇನ್ರಿ?" ಎಂದು ಕೇಳಿದರೆ ಗುರುಗಳು, "ಅದು ಪರೀಕ್ಷಾಕ್ಕ ಬರಂಗಿಲ್ಲರಿ" ಎಂದರು.

ಅವಳು ಒಬ್ಬಳೇ ಕಾರು ತೆಗೆದುಕೊಂಡು ಹೋಗುವ ದಿನ ಹತ್ತಿರ ಬಂದಾಗಲೇ ನಮ್ಮ ಕಾರು ಗಫೂರ್ ಸಾಬರಿಗೆ ಸಲಾಂ ಮಾಡಿದ್ದು. ನಿಮ್ಮ ಮುಂದೆ ಮುಚ್ಚಿಡುವುದೇನು, ನನಗೆ ಒಳಗೊಳಗೇ ಸಮಾಧಾನವಾಯಿತು. "ಹ್ಯಾಂಡ್‌ಬ್ರೇಕ್ ಕೆಟ್ಟದ, ಹ್ಯಾಂಗ ಕಳಸ್ಲಿ?" ಎಂದೆ. "ಸುದ್ದ ಮಾಡಸ್ರಿ" ಎಂದಳು. ಒಂದು ವಾರ ಕಾಲೇಜಿನಲ್ಲಿ ಪುಸ್ತಕಗಳ ತಪಾಸಣೆ ಎಂದೆ. ಎರಡನೆಯ ವಾರ ಮೆಕ್ಯಾನಿಕ್ಕು ಸಿಗುತ್ತಿಲ್ಲ ಎಂದೆ. ಅವನನ್ನು ನಾನು ಹುಡುಕಿಯೇ ಇರಲಿಲ್ಲ. ಮೂರನೆಯ ಶನಿವಾರ ಅವಳು ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದಳು:

"ಸೋಮವಾರ ನಾ ಕಾರ್ ಒಯ್ತೇನಿ. ಬ್ರೇಕ್ ಇದ್ರೂ ಹೋಗ್ತೇನಿ, ಇಲ್ದಿದ್ರೂ ಹೋಗ್ತೇನಿ. ನೀವು ತಯಾರ್ ಮಾಡ್ರಿ, ಬಿಡ್ರಿ."

ಈಗ ನಿಜವಾಗಿಯೂ ಮೆಕ್ಯಾನಿಕ್ಕನನ್ನು ಹುಡುಕಿದೆ. ಅವನು ನಿಜವಾಗಿಯೂ ಸಿಗಲಿಲ್ಲ. ಕಮಲನಗರಕ್ಕೆ ತಂಗಿಯ ಮದುವೆಗೆ ಹೋಗಿದ್ದ. ಫೋನಿನಲ್ಲಿ ಬ್ಯಾಂಡಿನ ಸದ್ದಿನ ನಡುವೆ, "ಮನ್ಯಾಗ ಮಾಡ್ಕೋಬಹುದು ಸರ್, ಒಂದೇ ನಟ್ ಅದ, ಬಿಗಿ ಮಾಡ್ರಿ, ಆಯ್ತು" ಎಂದು ಕೂಗಿದ.

ಒಂದೇ ನಟ್ಟು! ಆ ಒಂದು ನಟ್ಟಿನ ಕಥೆಯನ್ನು ಕೇಳಿ.

ರವಿವಾರ ಬೆಳಗ್ಗೆ ಪುಸ್ತಕ ತೆಗೆದೆ. ಲಿವರನ್ನು ಎಳೆದಾಗ ಅದು ಟಿಕ್ ಟಿಕ್ ಎನ್ನುತ್ತದಲ್ಲ, ಆ ಟಿಕ್ಕುಗಳನ್ನು ಎಣಿಸಬೇಕಂತೆ. ಐದರಿಂದ ಏಳು ಟಿಕ್ಕಿಗೆ ಹಿಂದಿನ ಗಾಲಿಗಳು ಬಿಗಿ ಹಿಡಿಯಬೇಕು. ನಮ್ಮದು ಹನ್ನೊಂದು ಟಿಕ್ಕಾದರೂ ಮೇಲೇರುತ್ತಲೇ ಇತ್ತು, ಸೀಲಿಂಗು ಮುಟ್ಟುವುದೋ ಎಂಬಂತೆ. ಲಿವರಿನ ಬುಡದ ಪ್ಲಾಸ್ಟಿಕ್ ಡಬ್ಬಿ ತೆಗೆದರೆ ಒಳಗೆ ಒಂದು ಉದ್ದನೆಯ ಸಲಾಕೆ, ಅದರ ಮೇಲೆ ನಟ್ಟು. ತಿರುಗಿಸಿದರೆ ಕೇಬಲ್ಲು ಬಿಗಿಯಾಗುತ್ತದೆ. ಫೋನಿನಲ್ಲಿ ಒಬ್ಬ ಮಹಾನುಭಾವ ಇದನ್ನೆಲ್ಲ ಬಿಳಿ ಅಂಗಿ ತೊಟ್ಟು ಮಾಡಿ ತೋರಿಸಿದ್ದ. ಅವನ ಡಬ್ಬಿ ಒಂದು ಎಳೆತಕ್ಕೆ ಹೂವಿನಂತೆ ಬಿಚ್ಚಿಕೊಂಡಿತು. ನನ್ನದು ಹೊಸ್ತಿಲಿನ ಹಾಗೆ ಕೂತಿತ್ತು. ನಾಲ್ಕು ಸ್ಕ್ರೂ ಬಿಚ್ಚಿದೆ. ಮೂರು ಸಿಕ್ಕವು, ನಾಲ್ಕನೆಯದು ಸೀಟಿನ ಅಡಿಗೆ ಹೋಯಿತು. ಅದನ್ನು ಹುಡುಕಲು ಹೋಗಿ ಸೀಟಿನಡಿಯಿಂದ ಒಂದು ಬಾಚಣಿಕೆ, ಎರಡು ಬಸ್ಸಿನ ಟಿಕೇಟು, ನನ್ನ ಕಾಲೇಜು ಲೈಬ್ರರಿಯದೇ ಒಂದು ಕಾರ್ಡು ಸಿಕ್ಕವು. ಸ್ಕ್ರೂ ಸಿಗಲಿಲ್ಲ. ಡಬ್ಬಿ ಕೊನೆಗೆ ಬಂತು, ಒಂದು ಕಿವಿ ಮುರಿದುಕೊಂಡು.

ನಾನು ಎರಡು ಸೀಟುಗಳ ನಡುವೆ ಬೋರಲಾಗಿ, ಕಾಲು ಬಾಗಿಲಿನ ಹೊರಗೆ ಚಾಚಿ ಮಲಗಿದ್ದೆ. ಆಗ ಮೇಲಿನಿಂದ ಧ್ವನಿ ಬಂತು.

"ಲೈಬ್ರರಿ ಸಾಬ್, ಜಿಂದಾ ಇದ್ದೀರೇನು?"

ಗಫೂರ್ ಸಾಬರು ತಮ್ಮ ಕುರ್ಚಿಯನ್ನು ತಾವೇ ಹೊತ್ತುಕೊಂಡು ಬಂದು ನಮ್ಮ ಮನೆಯ ಮುಂದೆ ಹಾಕಿದ್ದರು. "ಗಾಲಿಗೆ ಕಲ್ಲು ಕೊಟ್ಟೀರಿ?" ಎಂದು ಮೊದಲು ಕೇಳಿದರು. ಕೊಟ್ಟಿದ್ದೆ. ನಾಲ್ಕೂ ಗಾಲಿಗೆ ಕೊಟ್ಟಿದ್ದೆ. ಡಿಕ್ಕಿಯ ಕಲ್ಲು ಒಂದಕ್ಕೆ, ಇಟ್ಟಿಗೆ ಎರಡಕ್ಕೆ, ನಾಲ್ಕನೆಯದಕ್ಕೆ ರುಬ್ಬುವ ಗುಂಡು. ಆ ಗುಂಡಿಗಾಗಿ ಸುವರ್ಣಾ ಒಳಗಿನಿಂದ ಕೂಗಾಡಿದ್ದು ಓಣಿಗೆಲ್ಲ ಕೇಳಿತ್ತು.

"ಜಾಕ್ ಏರಸ್ಲೇನು ಸಾಬ್?"

"ಈ ಇಳಿಜಾರಿನ್ಯಾಗ ಜಾಕಾ? ತೋಬಾ! ನನ್ನ ಗೇಟ್ ಮೊನ್ನೆ ಸೀದಾ ಆಗ್ಯದ. ನಟ್ ಒಳಗದ, ಒಳಗಿಂದೇ ಮಾಡ್ರಿ."

ನನಗೂ ಅದೇ ಬೇಕಿತ್ತು. ಜಾಕಿನ ಮೇಲೆ ನಿಂತ ಕಾರನ್ನು ಕಂಡರೆ ನಾನು ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ಪಾನಾ ಹಚ್ಚಿದೆ. ನಟ್ಟು ಕದಲಲಿಲ್ಲ. ಕಾರಿನ ವಯಸ್ಸಿನಷ್ಟೇ ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಹಾಕಿದೆ, ಕಾಯ್ದೆ, ಬೈದೆ. ಪಾನಾ ಜಾರಿ ಗೆಣ್ಣಿನ ಚರ್ಮ ಹೋಯಿತು. "ಉಲ್ಟಾ ತಿರಗಸ್ಲತ್ತೀರಿ" ಎಂದರು ಸಾಬರು, ಕುರ್ಚಿಯಿಂದ ಏಳದೆ. ಅವರಿಗೆ ನನ್ನ ಕಾಲುಗಳನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೂ ಹೌದು, ನಾನು ಉಲ್ಟಾ ತಿರುಗಿಸುತ್ತಿದ್ದೆ. "ನಿಮ್ಮ ಕಾಲು ನೋಡಿದ್ರೇ ತಿಳೀತದ, ಯಾವ ದಿಕ್ಕಿಗೆ ಜೋರ್ ಹಾಕ್ಲತ್ತೀರಂತ" ಎಂದು ವಿವರಿಸಿದರು. ನಂಬರು ಎಷ್ಟು ಕೊಟ್ಟರೋ ಕೇಳಲಿಲ್ಲ.

ಒಮ್ಮೆ ಸಡಿಲವಾದದ್ದೇ ತಡ, ನಟ್ಟು ಬೆಣ್ಣೆಯಂತೆ ತಿರುಗಿತು. ಇನ್ನು ಕಷ್ಟವೆಂದರೆ ನಿಲ್ಲಿಸುವುದು. ತಿರುಗಿಸಿದೆ, ಲಿವರು ಎಳೆದೆ: ಏಳು ಟಿಕ್ಕು. ಅಲ್ಲಿಗೆ ಬಿಡಬೇಕಿತ್ತು. ಐದೂ ಸರಿ ಎಂದಿದೆಯಲ್ಲ ಎಂದು ಇನ್ನಷ್ಟು ತಿರುಗಿಸಿದೆ: ಐದು. ಈಗಲಾದರೂ ಬಿಡಬೇಕಿತ್ತು. ಆದರೆ ಆ ಪುಸ್ತಕ ಬರೆದವನು ಸಮತಟ್ಟಾದ ನೆಲದಲ್ಲಿ ಕೂತು ಬರೆದಿರಬೇಕು. ಅವನಿಗೇನು ಗೊತ್ತು ನಮ್ಮ ಓಣಿ! ಐದು ಟಿಕ್ಕು ಸಾಮಾನ್ಯ ಜನರಿಗೆ ಸರಿ. ಹೆಂಡತಿಯನ್ನು ಒಬ್ಬಳನ್ನೇ ಔರಾದಿಗೆ ಕಳಿಸುವವನು ಐದಕ್ಕೆ ಹೇಗೆ ನಿಲ್ಲುವುದು? ಮೂರಕ್ಕೆ ತಂದೆ. ಲಿವರು ಕಲ್ಲಿನಂತೆ ಗಟ್ಟಿಯಾಯಿತು. ನನಗೆ ಎಷ್ಟೋ ವರ್ಷದಿಂದ ಇಲ್ಲದ ನೆಮ್ಮದಿ.

ಗಾಲಿಯ ಕಲ್ಲು, ಇಟ್ಟಿಗೆ, ಗುಂಡುಗಳನ್ನೆಲ್ಲ ತೆಗೆದೆವು. ಸಾಬರು ಎದ್ದು ಬಂದು ಬಾನೆಟ್ಟಿಗೆ ಎರಡೂ ಕೈ ಕೊಟ್ಟು ಇಳಿಜಾರಿನ ಕಡೆಗೆ ದಬ್ಬಿದರು. ಕಾರು ಕೂದಲೆಳೆಯಷ್ಟೂ ಅಲುಗಲಿಲ್ಲ. ನಾನೂ ಸೇರಿ ದಬ್ಬಿದೆ. ಊಹೂಂ.

"ಪಕ್ಕಾ!" ಎಂದರು ಸಾಬರು. "ನಮ್ಮ ಡಿಪೋದಾಗೂ ಇಂಥಾ ಬ್ರೇಕ್ ನೋಡಿದ್ದಿಲ್ಲ. ಡಾಕ್ಟರ್ ಬಾಯಿ, ಬಂದು ನೋಡ್ರಿ, ನಿಮ್ಮ ಯಜಮಾನ್ರು ಕಿಲ್ಲಾದ ಗೋಡಿ ಕಟ್ಯಾರ!"

ಸುವರ್ಣಾ ಕೈ ಒರೆಸುತ್ತ ಬಂದಳು. ಕಾರಿನೊಳಗೆ ಬಾಗಿ ನೋಡಿದಳು. 

"ರೀ, ಲಿವರ್ ಕೆಳಗದ."

"ಅಂದ್ರ?"

"ಅಂದ್ರ, ನೀವು ಬ್ರೇಕ್ ಹಾಕೇ ಇಲ್ಲ. ಬಿಟ್ಟಾಗೇ ಇದು ಹೀಂಗ ನಿಂತದ."

ಸಾಬರು ತಮ್ಮ ಕುರ್ಚಿಯ ಕಡೆಗೆ ನೋಡಿದರು. ನಾನು ಮತ್ತೆ ಬೋರಲಾದೆ. ಸುವರ್ಣಾ ಈಗ ಒಳಗೆ ಹೋಗಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು, ಲಿವರನ್ನು ತಾನೇ ಎಳೆಯುತ್ತ, ನನ್ನ ಕೈಯನ್ನೇ ನೋಡುತ್ತಿದ್ದಳು. ನಟ್ಟನ್ನು ಹಿಂದಕ್ಕೆ ತಿರುಗಿಸಿದೆ. ನಾಲ್ಕು ಟಿಕ್ಕಿಗೆ ಬಂತು. ಲಿವರು ಇಳಿಸಿ ಸಾಬರು ದಬ್ಬಿದರೆ ಕಾರು ಗೊಣಗುತ್ತ ಒಂದು ಮೊಳ ಜಾರಿತು, ಎಳೆದರೆ ನಿಂತಿತು. "ಐದ್ ಅಂತ ಬರದಾರಲ್ಲ?" ಎಂದಳು ಸುವರ್ಣಾ. "ನಾಲ್ಕು ಇರಲಿ" ಎಂದೆ. "ಯಾಕ?" "ಇರಲಿ."  ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿದೆ, 'ಇರಲಿ' ಎಂದರೆ ಏನೆಂದು ಅವಳಿಗೆ ಗೊತ್ತು.

ಊಟಕ್ಕೆ ಕೂತಾಗ ನಾನು ಅವಳ ಮುಂದೆ ಒಂದು ಹಾಳೆ ಇಟ್ಟೆ. ದಾರಿಯಲ್ಲಿ ಪಾಲಿಸಬೇಕಾದ ನಿಯಮಗಳು, ಹನ್ನೆರಡು. ಗಾಡಿ ಓಡಿಸುವಾಗ ಯಾರ ಫೋನನ್ನೂ ಎತ್ತಬಾರದು ಎಂಬುದಕ್ಕೆ ಎರಡು ಗೆರೆ ಎಳೆದಿದ್ದೆ. ಅವಳು ಓದಿ, ಮಡಿಚಿ, ಉಪ್ಪಿನಕಾಯಿ ಭರಣಿಯ ಕೆಳಗೆ ಇಟ್ಟಳು.

"ಮೊನ್ನಿ ಒಂದು ಆಕಳ ನೋಡ್ಲಾಕ ಹೋಗಿದ್ದೆ" ಎಂದಳು. "ಕೊಳ್ಳಾಗ ಹಗ್ಗ ಎಷ್ಟು ಬಿಗಿ ಕಟ್ಟಿದ್ರಂದ್ರ ಸುತ್ತ ಹುಣ್ಣಾಗಿತ್ತು. ಯಾಕಪ್ಪಾ ಹಿಂಗ ಕಟ್ಟೀದಿ ಅಂದ್ರ, 'ಕಳದು ಹೋಗ್ತದಂತ ಅಂಜಿಕಿರಿ ಬಾಯಿ, ಭಾಳ ಜೀವ ಅದರ ಮ್ಯಾಲ' ಅಂದ. ಅವನ ಮಾರಿ ನೋಡಿ ನಿಮ್ಮ ನೆನಪಾಯ್ತು."

"ಮುಲಾಮು ಹಚ್ಚಿದಿ?" ಎಂದೆ.

"ಆಕಳಿಗೆ ಹಚ್ಚಿದೆ."

ಸೋಮವಾರ ಬೆಳಗ್ಗೆ ಎಂಟಕ್ಕೆ ಅವಳು ಹೊರಟಳು. ಲಸಿಕೆಯ ಡಬ್ಬಿಯನ್ನು ಮುಂದಿನ ಸೀಟಿನಲ್ಲಿ ಇಟ್ಟು, ಮಗುವಿಗೆ ಕಟ್ಟುವಂತೆ ಬೆಲ್ಟು ಕಟ್ಟಿದಳು. ಲಿವರು ಇಳಿಸಿದಳು, ಗಫೂರ್ ಸಾಬರು ಗೇಟಿನೊಳಗಿಂದ ಕೈ ಎತ್ತಿ ಹರಸಿದರು, ಕಾರು ತಿರುವಿನಲ್ಲಿ ಮರೆಯಾಯಿತು. ನಾನು ಒಳಗೆ ಬಂದು, ಕೈ ಸುಮ್ಮನಿರದೆ, ಕಾರಿನ ಪುಸ್ತಕವನ್ನು ಎತ್ತಿಡಲು ಹೋದೆ. ಪುಟದ ಕೊನೆಯ ಸಾಲು, 'ಐದರಿಂದ ಏಳು ಟಿಕ್ಕು'. ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಮುಗಿದಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಹುಡುಗರಿಗೆ 'ಪುಟ ತಿರುಗಿಸಿ ನೋಡ್ರಪ್ಪಾ' ಎಂದು ಹೇಳುತ್ತ ಬಂದ ಗ್ರಂಥಪಾಲಕ ಪುಟ ತಿರುಗಿಸಿರಲಿಲ್ಲ. ಮುಂದಿನ ಪುಟದ ತಲೆಯಲ್ಲೇ ಇತ್ತು: ಲಿವರು ಇಳಿಸಿದ ಮೇಲೆ ಹಿಂದಿನ ಗಾಲಿಗಳನ್ನು ನೆಲದಿಂದ ಎತ್ತಿ ಕೈಯಿಂದ ತಿರುಗಿಸಿ ನೋಡಿ, ಯಾವ ತಡೆಯೂ ಇಲ್ಲದೆ ತಿರುಗಬೇಕು. ಇಲ್ಲವಾದರೆ ಬ್ರೇಕು ದಾರಿಯುದ್ದಕ್ಕೂ ಉಜ್ಜಿ, ಕಾದು, ಸುಡುತ್ತದೆ.

ಸುಡುತ್ತದೆ! ನಿನ್ನೆ ಕಾರು ಜಾರುವಾಗ ಗೊಣಗಿದ್ದು ನೆನಪಾಯಿತು. ಇಳಿಜಾರು ಎಳೆದದ್ದರಿಂದ ಜಾರಿತೇ ಹೊರತು ಗಾಲಿ ಬಿಡುವಾಗಿರಲಿಲ್ಲ. ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಹನ್ನೆರಡು ನಿಯಮಗಳಲ್ಲಿ ಹನ್ನೊಂದನ್ನು ಮುರಿದಿದ್ದರೂ ನಾನು ಏನೂ ಅನ್ನುತ್ತಿರಲಿಲ್ಲ. ಎರಡು ಗೆರೆ ಎಳೆದ ಅದೊಂದನ್ನೇ ಅವಳು ಪಾಲಿಸಬೇಕೇ? ಕಾಲೇಜಿಗೆ ಅರ್ಧ ದಿನ ರಜೆ ಹೇಳಿ ಬಸ್ ನಿಲ್ದಾಣಕ್ಕೆ ಓಡಿದೆ. ಔರಾದಿನ ಬಸ್ಸು ಹೊರಡುತ್ತಿತ್ತು.

ಬಸ್ಸಿನ ಎಡಗಡೆಯ ಕಿಟಕಿಗೆ ಮುಖ ಒತ್ತಿ ಕೂತೆ. ರಸ್ತೆಯ ಬದಿಯಲ್ಲಿ ಕಾಣುವ ಪ್ರತಿ ಹೊಗೆಯೂ ನನ್ನದೇ ಕಾರಿನದು. ಒಬ್ಬ ತೊಗರಿ ಕಟ್ಟಿಗೆ ಸುಡುತ್ತಿದ್ದ. ಅವನನ್ನು ನೋಡಿ ಎದ್ದು ನಿಂತುಬಿಟ್ಟೆ. ಮಾಂಜ್ರಾ ನದಿಯ ಸೇತುವೆ ಬಂದಾಗ ಕೆಳಗೆ ನೋಡುವ ಧೈರ್ಯವಾಗದೆ ಕಣ್ಣು ಮುಚ್ಚಿದೆ. ಕಂಡಕ್ಟರು, "ವಾಂತಿ ಬರ್ಲತ್ತದೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಕ್ಕದವರನ್ನು ಬೇರೆ ಸೀಟಿಗೆ ಕಳಿಸಿದ.

ಸಂತಪುರ ಇನ್ನೇನು ಬರಬೇಕು, ಒಂದು ಬೇವಿನ ಮರದ ಕೆಳಗೆ ನಮ್ಮ ಕಾರು. ನಾಲ್ಕೂ ಬಾಗಿಲು ತೆರೆದಿದ್ದವು. ಸುತ್ತ ಜನ. ಸುವರ್ಣಾ ಕಾಣಲಿಲ್ಲ.

"ನಿಲ್ಸ್ರಿ! ನಿಲ್ಸ್ರಿ! ನನ್ನ ಹೆಂಡ್ತಿ!" ಎಂದು ಕೂಗಿದೆ.

ಬಸ್ಸು ಕೀರಲಿಟ್ಟು ನಿಂತಿತು. ಇಡೀ ಬಸ್ಸು ಎಡಕ್ಕೆ ಬಾಗಿ ನೋಡಿತು. "ಎಲ್ಲಿ ಅದಾರ್ರಿ?" ಎಂದ ಕಂಡಕ್ಟರು. ಅದೇ ನನ್ನ ಪ್ರಶ್ನೆಯೂ ಆಗಿತ್ತು. ಓಡಿದೆ. ಜನರನ್ನು ಸರಿಸಿ ನೋಡಿದರೆ, ಕಾರಿನ ಬಾಗಿಲಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಸುವರ್ಣಾಳ ಕಾಲು.  ಆಮೇಲೆ ಒಳಗಿನಿಂದ ಧ್ವನಿ ಬಂತು.

"ಹದಿನಾಕರ ಪಾನಾ ಕೊಡ್ರಿ ಕಾಕಾ. ಅದಲ್ಲ, ಅದರ ಮಗ್ಗಲದ್ದು."

ಒಬ್ಬ ಮುದುಕರು ಪಾನಾ ಕೊಟ್ಟರು. ಇನ್ನೊಬ್ಬ ಕೊಡ ಹಿಡಿದು ನಿಂತಿದ್ದವನು ನನ್ನ ಕಡೆ ತಿರುಗಿ, "ನೀರ್ ಹಾಕ್ತೇನಿ ಅಂದ್ರ ಬಾಯಿ ಬ್ಯಾಡ ಅಂತಾರರಿ, ಕಾದ ಲೋಹ ಬಿರೀತದಂತ" ಎಂದ. ಹಿಂದಿನ ಗಾಲಿಯ ಹತ್ತಿರ ಕೈ ಒಯ್ದೆ. ಅದು ತಂದೂರಿ ಭಟ್ಟಿ. ಸುಟ್ಟ ವಾಸನೆ ಇನ್ನೂ ಇತ್ತು.

ಸುವರ್ಣಾ ಹೊರಗೆ ಬಂದಳು. ಹಣೆಗೆ ಗ್ರೀಸು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಅದರಿಂದ ನನಗೆ ಸ್ವಲ್ಪ ನೋವಾಯಿತು.

"ಯಾವಾಗ ಬಂದ್ರಿ?"

"ಈಗ. ಬಸ್ಸಿನ್ಯಾಗ. ಏನೂ ಆಗಿಲ್ಲಲ್ಲ ನಿನಗ? ನಾ ಪುಟ ತಿರಗಿಸಿರಲಿಲ್ಲ. ಅದರಾಗ ಬರದಿತ್ತು…"

"ಸೇತುವಿ ದಾಟಿದ ಮ್ಯಾಲ ಗಾಡಿ ಎಳೀಲಾರದಂಗಾಯ್ತು. ಎಷ್ಟು ಒತ್ತಿದ್ರೂ ಮುಂದ ಹೋಗಂಗಿಲ್ಲ. ಆಮ್ಯಾಲ ವಾಸನಿ ಬಂತು. ನಿಲ್ಸಿ ಆರ್ಲಾಕ ಬಿಟ್ಟೆ." ಅವಳು ಪಾನಾ ಒರೆಸಿದಳು. "ನೀವು ನಿನ್ನಿ ಒಂದು ಟಿಕ್ಕಿಗೆ ಮೂರು ಸುತ್ತು ಹಿಂದ ತಿರಗಿಸಿದ್ದು ಎಣಿಸಿದ್ದೆ. ಆರು ಸುತ್ತು ಹಿಂದ ತಂದೀನಿ. ಈಗ ಆರು ಟಿಕ್ಕಿಗೆ ನಿಲ್ತದ. ಸಾಕು."

"ಆರು? ಸ್ವಲ್ಪ ಸಡಿಲ ಆಗಲಿಲ್ಲೇನು?"

ಕೊಡ ಹಿಡಿದವನು ನನ್ನ ಮುಖ ನೋಡಿದ. ಮುದುಕರು ನೋಡಿದರು. ಸುವರ್ಣಾ ಗಾಲಿಯ ಕೆಳಗಿನ ಕಲ್ಲನ್ನು ಕಾಲಿನಿಂದ ಸರಿಸಿ, ಕಾರನ್ನು ಒಂದೇ ಕೈಯಿಂದ ದಬ್ಬಿದಳು. ಸಮತಟ್ಟಾದ ನೆಲದಲ್ಲಿ ಅದು ಸದ್ದಿಲ್ಲದೆ ಒಂದು ಮಾರು ಉರುಳಿತು. ಒಳಗೆ ಕೈ ಹಾಕಿ ಲಿವರು ಎಳೆದಳು. ನಿಂತಿತು. ಮುದುಕರು, "ಹಾಂ, ಈಗ ಜೀವ ಬಂತು ನೋಡ್ರಿ" ಎಂದರು.

"ನಾ ಓಡಿಸ್ತೇನಿ" ಎಂದೆ. "ನೀ ದಣದೀದಿ."

"ಬೀದರಕ್ಕ ಹೋಗೋ ಬಸ್ ಇಲ್ಲಿ ಇನ್ನಾ ಒಂದ್ ತಾಸಿಗೆ ಅದ. ಔರಾದಕ್ಕ ಬರ್ರಿ, ಅಲ್ಲಿಂದ ಭಾಳ ಬಸ್ ಆವ. ಹಿಂದ ಕೂಡ್ರಿ. ಮುಂದ ಲಸಿಕಿ ಅದ."

ಹಿಂದೆ ಎಡಗಡೆ ಔಷಧಿಯ ಪೆಟ್ಟಿಗೆ, ಹಗ್ಗ, ಗಮ್‌ಬೂಟು. ಅವಳ ಬೆನ್ನ ಹಿಂದೆಯೇ ಮೊಣಕಾಲು ಮಡಿಚಿ ಕೂತೆ. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಅಲ್ಲಿಂದ ರಸ್ತೆ ಪೂರ್ತಿ ಕಾಣುವುದಿಲ್ಲ. ಅವಳ ತಲೆ, ತುರುಬಿಗೆ ಸಿಕ್ಕಿಸಿದ ಕ್ಲಿಪ್ಪು, ಅದರ ಆಚೆ ಒಂದು ತುಂಡು ರಸ್ತೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು. ಅವಳು ಹಾರ್ನು ಹಾಕಿ, ಎಡಕ್ಕೆ ಸರಿದು, ದಾಟಿಸಿದಳು. ಒಂದು ಎಮ್ಮೆ ರಸ್ತೆಗೆ ಅಡ್ಡ ಬಂತು. ನಿಧಾನ ಮಾಡಿ, ಅದು ಹೋಗುವ ತನಕ ಕಾದು, "ಹೋಗವ್ವಾ" ಎಂದಳು. ನಾನು ಒಂದು ಮಾತೂ ಆಡಿರಲಿಲ್ಲ.  ಆ ಬಗ್ಗೆ ನನಗೆ ಹೆಮ್ಮೆಯೂ ಆಗುತ್ತಿತ್ತು.

"ರೀ" ಎಂದಳು, ಕನ್ನಡಿಯಲ್ಲಿ ನೋಡಿ.

"ಏನು?"

"ಕಾಲ್ ತೆಗೀರಿ."

"ಯಾವ ಕಾಲು?"

"ನನ್ನ ಸೀಟಿಗೆ ಒತ್ತಿ ಹಿಡದೀರಲ್ಲ, ಅದು. ಸಂತಪುರದಿಂದ ಒತ್ತಲಾಕತ್ತೀರಿ. ಬೆನ್ನು ನೋಯ್ತದ ನನಗ."

ಕೆಳಗೆ ನೋಡಿದೆ. ನನ್ನ ಬಲಗಾಲು ಅವಳ ಸೀಟಿನ ಬೆನ್ನಿಗೆ, ಇದ್ದ ಶಕ್ತಿಯನ್ನೆಲ್ಲ ಹಾಕಿ, ಒತ್ತಿಕೊಂಡು ನಿಂತಿತ್ತು. ಬೆರಳುಗಳು ಬಿಳಿಚಿದ್ದವು. ಯಾವಾಗ ಅಲ್ಲಿಗೆ ಹೋಯಿತೋ ನನಗೆ ಗೊತ್ತಿರಲಿಲ್ಲ. ತೆಗೆದೆ. ಎಲ್ಲಿಡಬೇಕೆಂದು ತಿಳಿಯದೆ, ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದಿದ್ದು, ಆಮೇಲೆ ಗಮ್‌ಬೂಟಿನ ಪಕ್ಕದಲ್ಲಿ ನೆಲಕ್ಕಿಟ್ಟೆ.

ಸುವರ್ಣಾ ಬೆನ್ನು ಸಡಿಲಿಸಿ ಕೂತು, ನಾಲ್ಕನೆಯ ಗೇರು ಹಾಕಿದಳು.